ಇದು ಯಾರ ಕೈ

ನಮ್ಮ ಮನೆಯಲ್ಲಿ ಎಣಿಕೆಗೆ ಸಿಗದ ಸಪ್ಪಳ ಎಂಬುದೇ ಇರಲಿಲ್ಲ. ಅಪ್ಪ ತಬಲಾ ಮಾಸ್ತರ. ಧಾರವಾಡದ ಅರ್ಧಕ್ಕರ್ಧ ಹಾಡುವವರ ಪಕ್ಕದಲ್ಲಿ ಅವನೇ ಕೂತು ಬಾರಿಸುತ್ತಿದ್ದ. ಉಳಿದ ಹೊತ್ತು ಓಣಿಯ ಹುಡುಗರಿಗೆ ಮನೆಯಲ್ಲೇ ಕಲಿಸುತ್ತಿದ್ದ. ಅವನಿಗೆ ಎಣಿಸುವ ರೋಗ. ಬಾವಿಯ ಗಾಲಿ ಕಿರುಗುಟ್ಟುವುದನ್ನು ಎಣಿಸುತ್ತಿದ್ದ. ಅವ್ವ ರೊಟ್ಟಿ ಬಡಿಯುವುದನ್ನು ಎಣಿಸುತ್ತಿದ್ದ. ತುತ್ತು ಬಾಯಿಗೆ ಹೋಗುವಾಗ ತಟ್ಟನೆ ಕೈ ನಿಲ್ಲಿಸಿ ಅಡುಗೆಮನೆಯ ಕಡೆ ತಿರುಗುತ್ತಿದ್ದ.

"ಇವತ್ತ ಯಾಕ ರೊಟ್ಟಿ ಲಯಾ ಬಿಟ್ಟೈತಿ?"

"ಹಿಟ್ಟು ಜಿಗಿ ಇಲ್ರಿ. ಜ್ವಾಳ ಹಳೇವು."

ಇದು ಅವರಿಬ್ಬರಿಗೂ ತಮಾಷೆಯ ಮಾತಾಗಿರಲಿಲ್ಲ. ಮಂದಿ ಮಳೆ ಬೆಳೆ ಮಾತಾಡುವಷ್ಟು ಸಹಜವಾಗಿ ನಮ್ಮ ಮನೆಯಲ್ಲಿ ಲಯದ ಮಾತು ನಡೆಯುತ್ತಿತ್ತು. ನಾನು ಒಬ್ಬನೇ ಮಗ, ಹಾಗಾಗಿ ಆ ರೋಗ ಪೂರ್ತಿಯಾಗಿ ನನಗೇ ಬಂತು. ಸಾಲಿಗೆ ಹೋಗುವ ದಾರಿಯಲ್ಲಿ ಕುದುರೆಯ ಗೊರಸು, ಟಾಂಗಾದ ಗಂಟೆ, ಮಾಸ್ತರರ ಕೆಮ್ಮು ಎಲ್ಲಕ್ಕೂ ನನ್ನ ತೊಡೆಯ ಮೇಲೆ ಬೆರಳು ಓಡುತ್ತಿತ್ತು. ತಾಳ ಒಂದು ಸುತ್ತು ಹಾಕಿ ಮತ್ತೆ ಮೊದಲಿಗೆ ಬರುತ್ತದಲ್ಲ, ಆ ಮೊದಲ ಮಾತ್ರೆಗೆ ಸಮ ಎನ್ನುತ್ತಾರೆ. ಸಮ ತಪ್ಪುವುದೆಂದರೆ ನಮ್ಮ ಪಾಲಿಗೆ ಸ್ವಂತ ಮನೆ ಬಿಟ್ಟು ಪಕ್ಕದವರ ಪಡಸಾಲೆಗೆ ಹೋಗಿ ಉಣ್ಣಲು ಕೂತ ಹಾಗೆ. ಅಷ್ಟು ನಾಚಿಕೆ. ನಾನು ತಪ್ಪಿದರೆ ಅಪ್ಪ ಹೊಡೆಯುತ್ತಿರಲಿಲ್ಲ. ತಬಲಾದ ಮೇಲೆ ಅರಿವೆ ಹೊದಿಸಿ ಎದ್ದು ಹೋಗುತ್ತಿದ್ದ. ಮರುದಿನ ಮುಂಜಾನೆ ಆ ಅರಿವೆಯನ್ನು ಅವನೇ ತೆಗೆಯುವ ತನಕ ನನ್ನೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಹದಿನೈದು ವರ್ಷದವನಾದರೂ ಆ ಅರಿವೆಯನ್ನು ಕಂಡರೆ ನಾನು ಪಡಸಾಲೆ ಬಿಟ್ಟು ಬಾವಿ ಕಟ್ಟೆಗೆ ಹೋಗಿ ಕೂರುತ್ತಿದ್ದೆ.

ಪಡಸಾಲೆಯ ಮುಂದೆ, ಬೀದಿಗೆ ತೆರೆದುಕೊಳ್ಳುವ ಒಂದು ಖೋಲಿ ಇತ್ತು. ಅದನ್ನು ಬಾಡಿಗೆಗೆ ಕೊಡುತ್ತಿದ್ದೆವು. ಖೋಲಿಗೂ ಪಡಸಾಲೆಗೂ ನಡುವೆ ಇದ್ದ ಬಾಗಿಲಿಗೆ ಮೊಳೆ ಹೊಡೆದು ಮುಚ್ಚಿ, ಅದರ ಮುಂದೆ ಅಪ್ಪ ತನ್ನ ತಬಲಾ ಇಡುವ ಹಲಗೆ ಹಾಕಿಸಿದ್ದ. ಬಾಗಿಲು ಮುಚ್ಚಿತ್ತು ಎಂದರೆ ಕಣ್ಣಿಗೆ ಮಾತ್ರ. ಬಾಗಿಲಿನ ಹಲಗೆಗಳು ಒಣಗಿ ಸಂದು ಬಿಟ್ಟಿದ್ದವು. ಆ ಕಡೆಯವರು ಸೀನಿದರೆ ಈ ಕಡೆ ಅವ್ವ "ಶತಾಯುಷಿ" ಎನ್ನುತ್ತಿದ್ದಳು. ಆ ವರ್ಷ ಖೋಲಿಗೆ ಬಂದವರು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವ ಜೋಶಿ ಸರ್. ವಿಲಾಯತಿಯಲ್ಲಿ ಎರಡು ವರ್ಷ ಓದಿ ಬಂದ ಬ್ರಹ್ಮಚಾರಿ. ಖಾನಾವಳಿಯಲ್ಲಿ ಊಟ, ಬಾಯಲ್ಲಿ ಸದಾ ಸಿಗರೇಟು, ಮಾತು ತೀರಾ ಕಡಿಮೆ. ಅವರ ಸಾಮಾನು ಬಂದ ದಿನ ಟಾಂಗಾದಿಂದ ಎರಡು ಪೆಟ್ಟಿಗೆ ಪುಸ್ತಕ, ಒಂದು ಹಾಸಿಗೆ, ಮತ್ತು ಅವರು ಯಾರ ಕೈಗೂ ಕೊಡದೆ ತಾವೇ ಎದೆಗವಚಿಕೊಂಡು ಇಳಿಸಿದ ಒಂದು ರೆಕಾರ್ಡ್ ಪ್ಲೇಯರ್ ಇಳಿದವು. ಅಪ್ಪ ಕಟ್ಟೆಯ ಮೇಲೆ ನಿಂತು ನೋಡಿ ಸಮಾಧಾನದಿಂದ ತಲೆಯಾಡಿಸಿದ. ಸಂಗೀತದ ಮನುಷ್ಯ ಬಂದನೆಂದು ಅವನಿಗೆ ಖುಷಿಯಾಗಿತ್ತು, ಪಾಪ.

ಮೂರನೆಯ ಸಂಜೆಗೆ ಆ ಖುಷಿ ಇಳಿಯಿತು. ಅಪ್ಪ ನನಗೆ ರೂಪಕ ತಾಳದ ಪಾಠ ಹೇಳುತ್ತಿದ್ದ. ಅದು ಏಳು ಮಾತ್ರೆಯ ತಾಳ. ನಾನು ಮೂರನೆಯ ಸುತ್ತಿನಲ್ಲಿದ್ದಾಗ ಮುಚ್ಚಿದ ಬಾಗಿಲಿನ ಆಚೆಯಿಂದ ಮೊದಲು ಕೊಳಲಿನಂಥದ್ದು ಒಂದು ಎಳೆ ಬಂತು. ಅದರ ಬೆನ್ನಿಗೆ, ಚರ್ಚಿನಲ್ಲಿ ಕೇಳುವಂಥ ಹಾರ್ಮೋನಿಯಂ ಪೇಟಿಯ ದಪ್ಪ ಸ್ವರ. ಆಮೇಲೆ ಒಮ್ಮೆಲೇ ಡ್ರಮ್ಮು, ಗಿಟಾರು ಎಲ್ಲ ಸೇರಿ ಬಾಗಿಲಿಗೆ ಬಂದು ಬಡಿದವು. ಹಲಗೆಯ ಮೇಲಿದ್ದ ತಬಲಾಗಳು ತಾವಾಗಿಯೇ ಸಣ್ಣಗೆ ಗುಂಯ್ ಎಂದವು. ಅಪ್ಪ ಕೈ ಎತ್ತಿ ನನ್ನನ್ನು ನಿಲ್ಲಿಸಿದ. ಅಡುಗೆಮನೆಯಿಂದ ಅವ್ವ ಕೈಗೆ ಹತ್ತಿದ ಹಿಟ್ಟಿನೊಂದಿಗೇ ಓಡಿಬಂದಳು. ಹಾಡು ಮುಗಿದೀತು ಎಂದು ಕಾದೆವು. ಮುಗಿಯಲಿಲ್ಲ. ಮೂರು ನಿಮಿಷಕ್ಕೆ ತಟ್ಟೆ ತಿರುಗಿಸುವ ಗ್ರಾಮೋಫೋನಿನ ಕಾಲದವರು ನಾವು. ಇದು ತಟ್ಟೆಯ ಒಂದು ಮಗ್ಗುಲು ಪೂರ್ತಿ ಒಂದೇ ಹಾಡು. ನಡುವೆ ನಿಧಾನವಾಯಿತು, ಸತ್ತೇ ಹೋಯಿತೆನ್ನಿಸಿತು, ಮತ್ತೆ ಎದ್ದಿತು, ಮೊದಲಿನ ಧಾಟಿಗೇ ತಿರುಗಿ ಬಂತು. ನಿಧಾನವಾಗಿ ತಾಸುಗಟ್ಟಲೆ ಹಾಡುವ ಬಡಾ ಖ್ಯಾಲಿನ ಹಾಗೆ ಎಂದು ನನಗೆ ಅನ್ನಿಸಿದ್ದು ಆಗಲೇ. ಆದರೆ ಅದನ್ನು ಆ ಮನೆಯಲ್ಲಿ ಬಾಯಿ ಬಿಟ್ಟು ಹೇಳಲು ನನಗೇನು ಹುಚ್ಚು ಹಿಡಿದಿತ್ತೇ? ಆ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಹೆಸರು ಒಂದೇ, ಅದನ್ನು ಇಟ್ಟವನು ಅಪ್ಪ.

"ಏನದು ಡಬ್ಬಿ ಸಪ್ಪಳ!"

"ಹೋಗಿ ಹೇಳಿ ಬರ್ತೀರೇನು?" ಎಂದು ಅವ್ವ ಕೇಳಿದಳು.

"ಕಲಿಸೂ ಮನಶ್ಯಾ. ಒಮ್ಮೆಲೇ ಹೆಂಗ ಹೇಳೂದು. ಸಣ್ಣಗ ಹಚ್ಚ್ರಿ ಅಂತ ಹೇಳ್ತೀನಿ."

ಹೇಳಿದ. ಜೋಶಿ ಸರ್ ಸಣ್ಣಗೆ ಹಚ್ಚತೊಡಗಿದರು. ಅದರಿಂದ ನನಗೆ ಇನ್ನೂ ಕಷ್ಟವಾಯಿತು. ದೊಡ್ಡದಾಗಿದ್ದಾಗ ಅದು ಗದ್ದಲ. ಸಣ್ಣದಾದ ಮೇಲೆ ಕಿವಿ ತಾನಾಗಿಯೇ ಬಾಗಿಲಿನ ಕಡೆ ಎಳೆಯುತ್ತಿತ್ತು. ನನ್ನ ಸಂಕಟ ಏನೆಂದರೆ ಆ ಹಾಡಿನ ಸಮ ನನಗೆ ಸಿಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಕೇಳಿದ ಯಾವ ಸಪ್ಪಳವೂ ಹೀಗೆ ನನ್ನ ಕೈ ಜಾರಿಸಿರಲಿಲ್ಲ. ನಾಲ್ಕರಲ್ಲಿ ಎಣಿಸಿದೆ, ಕೂಡಲಿಲ್ಲ. ಏಳರಲ್ಲಿ ಎಣಿಸಿದೆ, ಮೂರು ಸುತ್ತು ಕೂಡಿತು, ನಾಲ್ಕನೆಯದಕ್ಕೆ ಕಾಲು ಮುರಿಯಿತು. ಊಟಕ್ಕೆ ಕೂತಾಗ ಎಡಗೈ ತಟ್ಟೆಯ ಅಂಚಿನ ಮೇಲೆ, ಸಾಲಿಯಲ್ಲಿ ಬೆಂಚಿನ ಕೆಳಗೆ, ಬಚ್ಚಲಮನೆಯಲ್ಲಿ ಹಂಡೆಯ ಮೇಲೆ. ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಆ ಪ್ಲೇಯರ್ ತೂಕಡಿಸುತ್ತ ತಿರುಗಿ ಹಾಡು ಕೆಳಗಿನ ಸ್ವರಕ್ಕೆ ಇಳಿಯುತ್ತಿತ್ತು. ಮಂದಿ ಲೈಟಿಗೆ ಬೈಯುತ್ತಿದ್ದರು, ನಾನು ಮಾತ್ರ ನಿಧಾನವಾಯಿತಲ್ಲ, ಎಣಿಸಲು ಅನುಕೂಲವಾಯಿತು ಎಂದು ಹಿಗ್ಗುತ್ತಿದ್ದೆ. ರೆಕಾರ್ಡ್ ಶುರುವಾದೊಡನೆ ಅಪ್ಪ ಹಲಗೆಯ ಪಕ್ಕದಲ್ಲಿ ಗೋಡೆಗೊರಗಿ, ಕಣ್ಣು ಮುಚ್ಚಿ, ಹಣೆ ಗಂಟಿಕ್ಕಿ ಕೂತುಬಿಡುತ್ತಿದ್ದ. ಅವನ ಕಾಲಿನ ಹೆಬ್ಬೆರಳು ಸಣ್ಣಗೆ ಅದುರುತ್ತಿತ್ತು. ಸಿಟ್ಟು ನೆತ್ತಿಗೇರುವ ಮೊದಲು ಕಾಲಿಗೆ ಬರುತ್ತದೆಂದು ನಾನು ತಿಳಿದೆ. ಆ ಬೆರಳನ್ನು ನೋಡಿದಾಗಲೆಲ್ಲ ನನ್ನ ಕೈ ಹೆದರಿ ತೊಡೆಯ ಕೆಳಗೆ ಸೇರುತ್ತಿತ್ತು.

ಒಂದು ದಿನ ತಟ್ಟೆಯ ಅಂಚಿನ ಮೇಲೆ ಸಿಕ್ಕಿಬಿದ್ದೆ. ಅಪ್ಪ ನನ್ನ ಎಡಗೈಯನ್ನು ಹಿಡಿದು ನೆಲಕ್ಕೆ ಒತ್ತಿದ. ಝುಣಕದ ಬಟ್ಟಲು ಅತ್ತ ಸರಿಯಿತು.

"ಉಣ್ಣುಮುಂದ ಏನದು?"

"ಏನಿಲ್ಲಪ್ಪಾ."

"ಆ ಖೋಲಿ ಕಟ್ಟಿ ಹತ್ತೀದಿ ಅಂದ್ರ ನೋಡು. ಆಷಾಢದಾಗ ಉಸ್ತಾದರು ಬರಾಕತ್ತಾರ. ನಿನಗ ಗಂಡಾ ಕಟ್ಟಸಬೇಕು ಅಂತ ಹತ್ತು ವರ್ಷ ಆತು ನಾ ಅವರ ಕಾಲ ಹಿಡ್ಯಾಕತ್ತು. ಗೊತ್ತೈತಿಲ್ಲೋ?"

ಗೊತ್ತಿತ್ತು. ಉಸ್ತಾದರು ಅಪ್ಪನ ಗುರು. ಮೀರಜದಲ್ಲಿದ್ದರು. ಅಪ್ಪ ಹುಡುಗನಾಗಿದ್ದಾಗ ಅವರ ಮನೆಯಲ್ಲಿ ನೀರು ಹೊತ್ತು, ಕಸ ಹೊಡೆದು ಕಲಿತವನು. ಗಂಡಾ ಎಂದರೆ ಗುರು ಶಿಷ್ಯನ ಕೈಗೆ ಕಟ್ಟುವ ಕೆಂಪು ದಾರ. ಕಟ್ಟಿ, ಬಾಯಿಗೆ ಕಡಲೆ ಮತ್ತು ಬೆಲ್ಲ ಹಾಕುತ್ತಾರೆ. ಕಡಲೆ ಯಾಕೆಂದರೆ ಈ ವಿದ್ಯೆ ಹಲ್ಲಿಗೆ ಗಟ್ಟಿ, ಬೆಲ್ಲ ಯಾಕೆಂದರೆ ಅಗಿದವನಿಗೆ ಸಿಹಿ. ಆ ದಾರ ಬಿದ್ದ ಮೇಲೆ ಹುಡುಗ ಆ ಮನೆತನದವನು. ಇನ್ನೊಬ್ಬರ ಹತ್ತಿರ ಕಲಿಯುವಂತಿಲ್ಲ, ಇನ್ನೊಬ್ಬರ ಪಾಠ ಬಾರಿಸುವಂತಿಲ್ಲ. ಅಪ್ಪನ ದಾರ ಸವೆದು ಎಳೆಯಾಗಿ, ದೇವರ ಜಗುಲಿಯ ಮೇಲೆ ಕುಂಕುಮದ ಬಟ್ಟಲಿನ ಹತ್ತಿರ ಒಂದು ಡಬ್ಬಿಯಲ್ಲಿತ್ತು. ದಿನಾ ಅದಕ್ಕೂ ಹೂವು ಏರುತ್ತಿತ್ತು. ಉಸ್ತಾದರಿಗೆ ವಯಸ್ಸಾಗಿತ್ತು, ಹೊಸಬರಿಗೆ ದಾರ ಕಟ್ಟುವುದನ್ನೇ ನಿಲ್ಲಿಸಿದ್ದರು. ನನಗೆ ಕಟ್ಟಲು ಒಪ್ಪಿದ್ದು ಅಪ್ಪನ ಮೇಲಿನ ಪ್ರೀತಿಗೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಕಟ್ಟೆ ಹತ್ತಿದೆ. ಅಪ್ಪ ಹಾವೇರಿಯ ಕಡೆ ಬಾರಿಸಲು ಹೋಗಿದ್ದ ಒಂದು ಮಧ್ಯಾಹ್ನ, ಜೋಶಿ ಸರ್ ಬಾಗಿಲಲ್ಲಿ ನಿಂತಿದ್ದರು. ನಾನು ಅಂಗಳದಲ್ಲಿ ಸುಮ್ಮನೆ ಸುಳಿದಾಡುತ್ತಿದ್ದೆ. ಎಷ್ಟು ಸುಮ್ಮನೆ ಎಂದರೆ ಅವರಿಗೇ ನಗು ಬಂತು.

"ಬಾರೋ ಗಂಗಾಧರ. ಬಾಗಲದ ಆ ಕಡಿಂದ ಎಷ್ಟು ದಿನಾ ಕೇಳ್ತಿ?"

ಒಳಗೆ ಸಿಗರೇಟಿನ ಹೊಗೆ, ಪುಸ್ತಕ, ಮಡಚದ ಹಾಸಿಗೆ. ಅವರು ರೆಕಾರ್ಡಿನ ರಟ್ಟಿನ ಚೀಲವನ್ನು ನನ್ನ ಕೈಗೆ ಕೊಟ್ಟರು. ಅದರ ಮೇಲೆ ನೀಲಿ ಬಯಲು, ಬಯಲಿನ ನಡುವೆ ಒಂದು ಖಾಲಿ ಕುರ್ಚಿ. ಹಾಡುವವರ ಫೋಟೋ ಇಲ್ಲ, ಹೆಣ್ಣುಮಕ್ಕಳ ಚಿತ್ರ ಇಲ್ಲ. ಹಾಡು ಮಾರುವವರು ಕುರ್ಚಿಯ ಚಿತ್ರ ಯಾಕೆ ಹಾಕಿದ್ದಾರೆಂದು ನನಗೆ ತಿಳಿಯಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದೆ. ಸರ್ ಪ್ಲೇಯರಿನ ಮುಳ್ಳನ್ನು ಕೂಸಿನ ಉಗುರು ಕತ್ತರಿಸುವಷ್ಟು ಜಾಗ್ರತೆಯಿಂದ ಇಳಿಸಿದರು. ಬಾಗಿಲು ನಡುವೆ ಇಲ್ಲದೆ ಆ ಸಂಗೀತ ಮೊದಲ ಸಲ ನೇರವಾಗಿ ನನ್ನ ಮೈಮೇಲೆ ಬಂತು. ಈ ವಯಸ್ಸಿನಲ್ಲಿ ಹೇಳಲು ಸಂಕೋಚವೇನು, ನನಗೆ ಅಳು ಬಂತು. ದುಃಖಕ್ಕಲ್ಲ. ಜಗತ್ತಿನಲ್ಲಿ ಎಣಿಸುವವರು ನಾವಿಬ್ಬರೇ, ಅಪ್ಪ ಮತ್ತು ನಾನು ಎಂದು ತಿಳಿದಿದ್ದೆ. ಎಲ್ಲೋ ಸಮುದ್ರದ ಆಚೆ, ಮುಖ ತೋರಿಸದ ನಾಲ್ಕೈದು ಹುಡುಗರು ನಮ್ಮ ಹಾಗೇ ಕೂತು ಎಣಿಸುತ್ತಿದ್ದರು. ಅವತ್ತು ಎರಡು ಸಲ ಪೂರ್ತಿ ಕೇಳಿದ ಮೇಲೆ ಲೆಕ್ಕ ಸಿಕ್ಕಿತು: ಏಳು, ಏಳು, ಏಳು, ಕಡೆಗೆ ಒಂಬತ್ತು. ಮೂವತ್ತು ಮಾತ್ರೆಯ ಸುತ್ತು. ಕಡೆಯ ಒಂಬತ್ತಾದ ಮೇಲೆ ಅವರು ಸಮಕ್ಕೆ ಬರುವಾಗ ಪ್ರತಿ ಸಲವೂ ಒಂದಿಷ್ಟು ತಡವರಿಸುತ್ತಿದ್ದರು. ಎಷ್ಟೆಂದರೂ ವಿಲಾಯತಿಯವರು, ರಿಯಾಜು ಸಾಲದು ಎಂದು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಒಳಗೆ ಬಂದಾಗ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಂಗಿ ತಗದು ಬಾವಿ ಕಟ್ಟಿಗೆ ಹಾಕು. ಸಿಗರೇಟಿನ ವಾಸನಿ ಬಡ್ಯಾಕತ್ತೈತಿ."

"ಅವ್ವಾ, ಅಪ್ಪಗ..."

"ನಾ ಯಾಕ ಹೇಳ್ಲಿ? ಆದ್ರ ಗಂಡಾ ಕಟ್ಟೂತನಕ ಒಂದೀಟು ತಡಕೋ ಗಂಗ್ಯಾ. ಅವರು ಈಗೀಗ ನಿದ್ದಿಗಣ್ಣಾಗೂ ಉಸ್ತಾದರ ಹೆಸರಾ ಹೇಳಾಕತ್ತಾರ. ಆ ಜೀವಕ್ಕ ಏನರ ಆತಂದ್ರ ನಾ ನಿನ್ನ ಬಿಡಂಗಿಲ್ಲ."

ತಡೆದುಕೊಂಡೆ. ಕಟ್ಟೆ ಹತ್ತಲಿಲ್ಲ. ದಿನಕ್ಕೆ ಐದು ತಾಸು ರೂಪಕ ಬಾರಿಸಿದೆ. ತಬಲಾಕ್ಕೆ ಹೊಸ ಚರ್ಮ ಹಾಕಿಸಲು ಎರಡು ಸಲ ಹುಬ್ಬಳ್ಳಿಗೆ ಹೋಗಿಬಂದೆ. ಆದರೆ ಕೈಗೆ ಯಾರು ಬುದ್ಧಿ ಹೇಳಬೇಕು? ಏಳರ ಮೂರು ಸುತ್ತು ಮುಗಿದೊಡನೆ ಅದು ಒಂಬತ್ತಕ್ಕೆ ಹಾತೊರೆಯುತ್ತಿತ್ತು. ಪ್ರತಿ ಸಲ ಹಗ್ಗ ಜಗ್ಗಿ ಎತ್ತನ್ನು ತಿರುಗಿಸಿದ ಹಾಗೆ ತಿರುಗಿಸಿಕೊಳ್ಳುತ್ತಿದ್ದೆ.

ಗುರುಪೂರ್ಣಿಮೆಯ ಮುಂಜಾನೆ ಜಿಟಿಜಿಟಿ ಮಳೆ. ಉಸ್ತಾದರು ಹಿಂದಿನ ದಿನವೇ ಬಂದು ಅಪ್ಪನ ಶಿಷ್ಯನೊಬ್ಬನ ಮನೆಯಲ್ಲಿ ಇಳಿದಿದ್ದರು. ಬಿಳಿ ಗಡ್ಡ, ಕಪ್ಪು ಟೊಪ್ಪಿಗೆ, ಸೋತ ಮೊಣಕಾಲು. ಅಪ್ಪ ಅವರನ್ನು ಟಾಂಗಾದಿಂದ ಹೆಚ್ಚುಕಡಿಮೆ ಎತ್ತಿಕೊಂಡೇ ಪಡಸಾಲೆಗೆ ತಂದ. ಸೆಗಣಿ ಸಾರಿಸಿದ ನೆಲ, ಜಮಖಾನೆ, ಹಿತ್ತಾಳೆಯ ತಟ್ಟೆಯಲ್ಲಿ ಕೆಂಪು ದಾರ, ಹುರಿದ ಕಡಲೆ, ಬೆಲ್ಲ. ಅಡುಗೆಮನೆಯಲ್ಲಿ ಹೂರಣ ಬೇಯುವ ವಾಸನೆ. ಅಪ್ಪನ ಏಳೆಂಟು ಶಿಷ್ಯರು ಗೋಡೆಗುಂಟ ಕೂತಿದ್ದರು. ಉಸ್ತಾದರು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ದಾರವನ್ನು ಕೈಯಲ್ಲಿ ಹಿಡಿದರು.

"ಮೊದಲ ಒಂದೀಟು ಕೇಳ್ತೀನಿ ಬೇಟಾ. ಆಮ್ಯಾಲೆ ಕಟ್ತೀನಿ."

ಅಪ್ಪ ಪೇಟಿಯ ಮೇಲೆ ಏಳು ಮಾತ್ರೆಯ ಧಾಟಿ ಹಿಡಿದ. ಉಸ್ತಾದರ ಬಲಗೈ ತೊಡೆಯ ಮೇಲೆ ತಾಳ ಹಾಕತೊಡಗಿತು, ಎಡಗೈಯಲ್ಲಿ ದಾರ ಇತ್ತು. ನಾನು ಶುರು ಮಾಡಿದೆ. ಕಾಲು ತಾಸು ಚೆನ್ನಾಗಿಯೇ ನಡೆಯಿತು. ಉಸ್ತಾದರ ಬಾಯಿಂದ ಎರಡು ಸಲ "ಕ್ಯಾ ಬಾತ್" ಬಂತು. ಒಂದೊಂದು ಸಲಕ್ಕೂ ಅಪ್ಪನ ಮುಖ ಅರಳುತ್ತಿತ್ತು. ಆ ಹೊಗಳಿಕೆ ತಲೆಗೆ ಏರಿತೋ, ಕೈಯ ಹಗ್ಗ ಸಡಿಲವಾಯಿತೋ, ಲಯ ಏರಿದ ಒಂದು ಗಳಿಗೆಯಲ್ಲಿ ನನ್ನ ಕೈ ಏಳು, ಏಳು, ಏಳು ಮುಗಿಸಿ ನೆಟ್ಟಗೆ ಒಂಬತ್ತಕ್ಕೆ ಹೋಯಿತು. ಪೇಟಿ ಒಂದು ಕಡೆ, ನಾನು ಒಂದು ಕಡೆ. ಎರಡು ಮಾತ್ರೆ ತಡವಾಗಿ ಬಂದು ಬಿದ್ದೆ. ಹೇಗೋ ಸರಿಮಾಡಿಕೊಂಡು ಪೇಟಿಯನ್ನು ಕೂಡಿಕೊಂಡೆ. ಗೋಡೆಗುಂಟ ಕೂತವರು ಉಸಿರು ಹಿಡಿದರು, ಮತ್ತೆ ಬಿಟ್ಟರು. ಹುಡುಗ, ತಪ್ಪಿದ ಎಂದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲಿಯ ತನಕ ಯಾರ ಮುಂದೆಯೂ ಹೇಳದ ಮಾತನ್ನು ಈಗ ಹೇಳುತ್ತೇನೆ: ಮೊದಲನೆಯ ಸಲ ಕೈ ತಾನಾಗಿ ಹೋಯಿತು. ಎರಡನೆಯ ಸಲ ನಾನೇ ಕಳಿಸಿದೆ. ಅದು ತಪ್ಪಲ್ಲ, ಚೆಂದದ್ದು, ಉಸ್ತಾದರಿಗೂ ಚೆಂದ ಕಂಡೀತು ಎಂಬ ಹದಿನೈದು ವರ್ಷದ ಸೊಕ್ಕು. ಏಳು, ಏಳು, ಏಳು, ಒಂಬತ್ತು. ಈ ಸಲ ಪ್ರತಿ ಪೆಟ್ಟೂ, ಪ್ರತಿ ಬೋಲೂ ಸ್ಪಷ್ಟವಾಗಿ.

ಉಸ್ತಾದರ ಬಲಗೈ ನಿಂತಿತು. ಅಪ್ಪನ ಬೆರಳು ಪೇಟಿಯ ಮೇಲೆ ಹಾಗೇ ಉಳಿದು ಒಂದೇ ಸ್ವರ ಉದ್ದಕ್ಕೆ ಎಳೆಯಿತು, ಆಮೇಲೆ ಗಾಳಿ ತೀರಿ ಅದೂ ನಿಂತಿತು.

"ಇದು ಯಾರ ಕೈ ಬೇಟಾ?"

ನಾನು ತಬಲಾದ ಮೇಲಿಂದ ಕೈ ತೆಗೆದೆ.

"ತಪ್ಪು ಒಮ್ಮೆ ಆಗತೈತಿ. ಎರಡು ಸಲಾನೂ ಒಂದಾ ಥರ ತಪ್ಪಿದ್ರ ಅದು ತಪ್ಪಲ್ಲ, ಪಾಠ. ಯಾರೋ ಕುಂದ್ರಿಸಿ ಕಲಿಸ್ಯಾರ. ಯಾರು?"

ಗೋಡೆಗುಂಟ ಕೂತವರಲ್ಲಿ ಒಬ್ಬ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಹುಡುಗ ಹುಬ್ಬಳ್ಳಿಗೆ ಭಾಳ ಹೊಕ್ಕಾನ್ರಿ" ಎಂದ. ಹುಬ್ಬಳ್ಳಿಯಲ್ಲಿ ಇನ್ನೊಬ್ಬ ದೊಡ್ಡ ತಬಲಾಜಿ ಇದ್ದ. ಅವನ ಗುರುವಿಗೂ ಉಸ್ತಾದರಿಗೂ ಅಪ್ಪ ಹುಟ್ಟುವ ಮೊದಲಿನಿಂದ ಮಾತಿರಲಿಲ್ಲ. ಎಲ್ಲರೂ ಅಪ್ಪನ ಕಡೆ ತಿರುಗಿದರು. ಜಗತ್ತಿನಲ್ಲಿ ಯಾರೂ ಮಾಡದ ತಪ್ಪನ್ನು ಈ ಮಂದಿ ಮಾಡುತ್ತಿದ್ದರು: ಒಂಬತ್ತು ಮಾತ್ರೆಯ ಒಂದು ತಿರುವನ್ನು ಕೇಳಿ, ಗೋಡೆಯಾಚೆ ತಿರುಗುವ ತಟ್ಟೆಯನ್ನು ಬಿಟ್ಟು, ಗುರುವಿಗೆ ಮಾಡಿದ ದ್ರೋಹವನ್ನು ಹುಡುಕುತ್ತಿದ್ದರು. ನಾನು ಬಾಯಿ ತೆರೆದರೆ ಒಂದೇ ಮಾತು ಸಾಕಿತ್ತು. ಆದರೆ ಏನೆಂದು ಹೇಳುವುದು? ಉಸ್ತಾದರೇ, ಇದು ಡಬ್ಬಿ ಸಪ್ಪಳ. ಅಪ್ಪ ಬೇಡವೆಂದರೂ ಕೇಳಿ ಕಲಿತೆ, ನಿಮ್ಮ ತಾಳದೊಳಗೆ ತುರುಕಿದೆ ಎಂದು ಹೇಳುವುದೆ? ಹೇಳಿದ್ದರೆ ನನ್ನ ತಬಲಾ ಅವತ್ತಿಗೆ ಮುಗಿಯುತ್ತಿತ್ತು. ಹೇಳದಿದ್ದರೆ ಅಪ್ಪ ಮಗನನ್ನು ಶತ್ರುವಿನ ಮನೆಗೆ ಕಳಿಸಿದವನಾಗುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ನಿಂತಿದ್ದಳು.

ಅಪ್ಪ ಪೇಟಿಯನ್ನು ಪಕ್ಕಕ್ಕೆ ಸರಿಸಿದ.

"ನನ್ನ ಕೈರಿ ಉಸ್ತಾದರ."

"ನಿಂದು?"

"ಹೌದ್ರಿ. ನಾನಾ ಸುಮ್ಮ ಹಂಗ ಕೂಡಿಸಿ ನೋಡಾಕತ್ತಿದ್ದೆ. ಹುಡುಗ ಕೇಳಿ ಕೇಳಿ ಹಿಡಕೊಂಡಾನ. ಅವಂದೇನೂ ತಪ್ಪಿಲ್ರಿ."

ಉಸ್ತಾದರು ಕೈಯಲ್ಲಿದ್ದ ದಾರದಿಂದ ಕಣ್ಣೆತ್ತಿ ಅಪ್ಪನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ನಾ ಕೊಟ್ಟದ್ದು ಸಾಲಲಿಲ್ಲೇನು ಮಾರುತಿ?"

ಉಸ್ತಾದರು ದಾರವನ್ನು ನಾಲ್ಕು ಸುತ್ತು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ಕಡಲೆಯ ತಟ್ಟೆಯನ್ನು ಮುಟ್ಟಲಿಲ್ಲ. ಒಂದು ಲೋಟ ನೀರು ಮಾತ್ರ ಕುಡಿದರು, ಅದೂ ಅವ್ವ ಎರಡೂ ಕೈಯಲ್ಲಿ ಹಿಡಿದು ಮುಂದೆ ನಿಂತಳೆಂದು. ಅಪ್ಪ ಅವರ ಚೀಲ ಹೊತ್ತುಕೊಂಡು ಮಳೆಯಲ್ಲೇ ಟಾಂಗಾದ ಹಿಂದೆ ಸ್ಟೇಶನ್ನಿನ ತನಕ ನಡೆದ. ಟಾಂಗಾದಲ್ಲಿ ಜಾಗವಿತ್ತು, ಉಸ್ತಾದರು ಹತ್ತು ಎನ್ನಲಿಲ್ಲ, ಅವನು ಹತ್ತಲಿಲ್ಲ. ಮುಂದಿನ ವರ್ಷ ಅಪ್ಪನೇ ಮೀರಜಕ್ಕೆ ಹೋಗಿ ನಮಸ್ಕಾರ ಮಾಡಿಬಂದ. ಉಸ್ತಾದರು ನಮಸ್ಕಾರ ತೆಗೆದುಕೊಂಡರಂತೆ, ಬಾರಿಸು ಎನ್ನಲಿಲ್ಲವಂತೆ. ಅದರ ಮುಂದಿನ ವರ್ಷ ಅವರೇ ಇರಲಿಲ್ಲ. ನನ್ನ ಮಣಿಕಟ್ಟಿಗೆ ಇವತ್ತಿನ ತನಕ ಯಾರ ದಾರವೂ ಬಿದ್ದಿಲ್ಲ. ನಾನು ಐವತ್ತು ವರ್ಷ ಬಾರಿಸಿದ್ದೇನೆ, ಕಲಿಸಿದ್ದೇನೆ, ನನ್ನನ್ನು ಗುರುಗಳೇ ಎನ್ನುವವರೂ ಇದ್ದಾರೆ. ಅವತ್ತು ನಾನು ಬಾಯಿ ತೆರೆಯಲಿಲ್ಲ ಎಂಬುದನ್ನು ಅದು ಯಾವುದೂ ಮುಚ್ಚುವುದಿಲ್ಲ.

ಅವತ್ತು ಹೋಳಿಗೆಯನ್ನು ಯಾರೂ ಮುಟ್ಟಲಿಲ್ಲ. ಶಿಷ್ಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೋದರು. ಅಪ್ಪ ಮಧ್ಯಾಹ್ನ ಕಳೆದು ತೊಯ್ದು ಬಂದ. ನನ್ನ ತಬಲಾದ ಮೇಲೆ ಅರಿವೆ ಹೊದಿಸಿದ. ನನ್ನ ಕಡೆ ನೋಡಲಿಲ್ಲ. ಅಂಗಿ ಬದಲಿಸದೆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಗೋಡೆಗೊರಗಿ ಕೂತ. ದೀಪ ಹಚ್ಚುವ ಹೊತ್ತಿಗೆ ಜೋಶಿ ಸರ್ ಬೀಗ ತೆಗೆದ ಸಪ್ಪಳ ಕೇಳಿತು. ಅಪ್ಪ ಎದ್ದು, ಧೋತರದ ಚುಂಗು ಸರಿಮಾಡಿಕೊಂಡು ಹೊರಗೆ ಹೋದ. ಕಟ್ಟೆ ಹತ್ತಿದ್ದೂ, ಖೋಲಿಯ ಬಾಗಿಲು ಬಡಿದದ್ದೂ ನಮಗೆ ಕೇಳಿತು.

"ಖೋಲಿ ಬಿಡಸಾಕ ಹೋದ್ರು," ಎಂದು ಅವ್ವ ಪಿಸುಗುಟ್ಟಿದಳು. "ಆ ಪರದೇಶಿ ಈ ಮಳ್ಯಾಗ ಎಲ್ಲಿಗೆ ಹೋಗ್ತಾನ?"

ನಾನು ಹಲಗೆಯ ಹತ್ತಿರ ಸರಿದು ಸಂದಿಗೆ ಕಿವಿ ಹಚ್ಚಿದೆ. ಆ ಕಡೆ ಅಪ್ಪನ ದನಿ, ಸಣ್ಣಗೆ. ಸರ್ ಏನೋ ಕೇಳಿದರು. ಮತ್ತೆ ಅಪ್ಪ. ಆಮೇಲೆ ಯಾವುದೋ ಪೆಟ್ಟಿಗೆ ತೆರೆದ ಸಪ್ಪಳ. ಸಾಮಾನು ಕಟ್ಟತೊಡಗಿದರೆಂದೇ ತಿಳಿದೆ. ರೆಕಾರ್ಡನ್ನು ಅಪ್ಪ ಮುರಿಯುತ್ತಾನೋ ಏನೋ ಎಂದು ಕಣ್ಣು ಮುಚ್ಚಿಕೊಂಡೆ. ಕೊಳಲಿನ ಎಳೆ ಬಂತು. ಅದರ ಬೆನ್ನಿಗೆ ಪೇಟಿ. ಆಮೇಲೆ ಡ್ರಮ್ಮು. ಮಗ್ಗುಲು ಪೂರ್ತಿ ಆಯಿತು. ನಿಂತಿತು. ಮತ್ತೆ ಮೊದಲಿನಿಂದ ಶುರುವಾಯಿತು. ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಅಪ್ಪ ಒಳಗೆ ಬಂದಾಗ ಅವನ ಮೈಯಿಂದ ಸಿಗರೇಟಿನ ವಾಸನೆ ಬರುತ್ತಿತ್ತು. ನನ್ನ ಎದುರಿಗೆ ಚಕ್ಕಳಬಕ್ಕಳ ಹಾಕಿ ಕೂತ.

"ಎಷ್ಟು ಎಣಿಸೀದಿ?"

"ಮೂವತ್ತು."

"ಏಳು ಮೂರು ಸಲ, ಮ್ಯಾಲೆ ಒಂಬತ್ತು?"

"ಹೂಂ."

"ಒಂಬತ್ತಲ್ಲ, ಹತ್ತು. ಕಡೀ ಮಾತ್ರಿಗೆ ಯಾರೂ ಏನೂ ಬಾರಸಂಗಿಲ್ಲ. ಖಾಲಿ ಬಿಡ್ತಾರ. ನೀ ಅದನ್ನ ನುಂಗಿಬಿಟ್ಟಿ. ಮೂವತ್ತೊಂದು."

ಅವರು ತಡವರಿಸುತ್ತಾರೆಂದು ನಾನು ಕ್ಷಮಿಸಿದ್ದ ಜಾಗ ಅದು.

"ನಿನಗ ಹೆಂಗ ಗೊತ್ತಪ್ಪಾ?"

"ಆರು ತಿಂಗಳಾತು ಈ ಬಾಗಲದ ಮಗ್ಗಲ ಕುಂತು. ನನಗೇನು ಕಿವಿ ಇಲ್ಲೇನು? ಕಡೀ ಮಾತ್ರಿ ಒಂದು ಖಾತ್ರಿ ಆಗಿದ್ದಿಲ್ಲ. ಈಗ ಹೋಗಿ ಖಾತ್ರಿ ಮಾಡಿಕೊಂಡ ಬಂದೆ."

ಅವನ ಕಾಲಿನ ಹೆಬ್ಬೆರಳು ನನಗೆ ಆಗ ನೆನಪಾಯಿತು. ಅಪ್ಪ ಕೈ ಚಾಚಿ ನನ್ನ ತಬಲಾದ ಮೇಲಿನ ಅರಿವೆಯನ್ನು ತೆಗೆದ. ಮರುದಿನದ ಮುಂಜಾನೆಗೆ ಕಾಯದೆ ಅವನು ಅದನ್ನು ತೆಗೆದದ್ದು ಅದೊಂದೇ ಸಲ.

"ತಬಲಾಕ್ಕ ಕುಂದ್ರು."

"ಈಗ?"

"ಈಗ. ಉಸ್ತಾದರ ಮುಂದ ನನ್ನ ಕೈ ಅಂತ ಹೇಳೀನಿ. ಇನ್ನ ಮ್ಯಾಲೆ ಅದನ್ನ ತಪ್ಪು ಬಾರಿಸಬ್ಯಾಡ."